ಶಸ್ತ್ರಚಿಕಿತ್ಸೆಯ ನಂತರದ ತೂಕ: ನಿರೀಕ್ಷೆಗೂ ಮಿತಿಯಿರಲಿ

ಬಸವಾದಿ ಶರಣರು ಕಾಯವನ್ನು ಹೀಗಳೆದವರಲ್ಲ. ಕಾಯಕಕ್ಕೂ ಇಷ್ಟಲಿಂಗಪೂಜೆಗೂ ದಾಸೋಹಕ್ಕೂ ಈ ಕಾಯವೇ ಸಾಧನವೆಂದು ಬಗೆದು ಅದನ್ನು ಗೌರವದಿಂದ ಕಂಡರು. ಉಣ್ಣುವ ಅನ್ನವನ್ನು ಪ್ರಸಾದವೆಂದು ಸ್ವೀಕರಿಸಬೇಕೆಂಬ ಅವರ ನಿಲುವಿನಲ್ಲಿ ಮಿತಿಯ ಅರಿವೂ ಅಡಗಿದೆ. ಅತಿಬೊಜ್ಜಿನಿಂದ ಬಳಲುವವರು ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಒಳಗಾಗುವುದು ಹೆಚ್ಚುತ್ತಿರುವ ಈ ದಿನಗಳಲ್ಲಿ ಮಿತಿಯ ಆ ಅರಿವು ಊಟಕ್ಕೆ ಮಾತ್ರವಲ್ಲದೆ ನಮ್ಮ ನಿರೀಕ್ಷೆಗೂ ಬೇಕಾಗಿದೆ.

ಈ ಚಿಕಿತ್ಸೆಯಲ್ಲಿ ಎರಡು ವಿಧಾನಗಳು ಹೆಚ್ಚು ಬಳಕೆಯಲ್ಲಿವೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು ಕಿರಿದಾದ ಕೊಳವೆಯೊಂದನ್ನು ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ರಚಿಸಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಊಟದ ಪ್ರಮಾಣ ತಗ್ಗುತ್ತದೆ. ಹಸಿವು ಮತ್ತು ತೃಪ್ತಿಯನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ.

ತೊಡಕು ಆರಂಭವಾಗುವುದು ಲೆಕ್ಕದಲ್ಲಿ. ಶಸ್ತ್ರಚಿಕಿತ್ಸೆಯಿಂದ ಶೇ. 60ರಷ್ಟು ತೂಕ ಇಳಿಯುತ್ತದೆ ಎಂಬ ಮಾತು ಹಲವರ ಕಿವಿಗೆ ಬಿದ್ದಿರುತ್ತದೆ. 120 ಕೆ.ಜಿ. ತೂಗುವ ತಾಯಿಯೊಬ್ಬರು ಇದನ್ನು ಕೇಳಿ, ತಾವು 48 ಕೆ.ಜಿ.ಗೆ ಇಳಿಯುವುದಾಗಿ ಭಾವಿಸಬಹುದು. ಆದರೆ ವೈದ್ಯರು ಹೇಳುವ ಆ ಪ್ರಮಾಣ ಒಟ್ಟು ತೂಕದ್ದಲ್ಲ, ಹೆಚ್ಚುವರಿ ತೂಕದ್ದು. ಆ ತಾಯಿಯ ಎತ್ತರಕ್ಕೆ ತಕ್ಕ ತೂಕ 60 ಕೆ.ಜಿ. ಎಂದಿಟ್ಟುಕೊಂಡರೆ, ಹೆಚ್ಚುವರಿಯಾಗಿರುವುದು 60 ಕೆ.ಜಿ.; ಅದರ ಶೇ. 60 ಎಂದರೆ 36 ಕೆ.ಜಿ. ಅಂದರೆ ಅವರು ಬಂದು ನಿಲ್ಲುವುದು 84 ಕೆ.ಜಿ.ಗೆ. ಒಟ್ಟು ತೂಕದಲ್ಲಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಳಿದರೆ ಅದು ಒಳ್ಳೆಯ ಫಲವೇ ಸರಿ. 48ರ ಕನಸು ಕಂಡವರಿಗೆ 84 ಸೋಲಾಗಿ ಕಾಣುತ್ತದೆ. ಮೊದಲೇ ಲೆಕ್ಕ ತಿಳಿದವರಿಗೆ ಅದೇ 84 ಗೆಲುವಾಗಿ ಕಾಣುತ್ತದೆ.

ಕಾಲಕ್ರಮವನ್ನೂ ತಿಳಿದಿರಬೇಕು. ಮೊದಲ ಆರು ತಿಂಗಳಲ್ಲಿ ತೂಕ ವೇಗವಾಗಿ ಇಳಿಯುತ್ತದೆ. ಬಳಿಕ ನಿಧಾನವಾಗಿ, ಸಾಮಾನ್ಯವಾಗಿ ಒಂದು ಒಂದೂವರೆ ವರ್ಷದ ಹೊತ್ತಿಗೆ ನಿಲ್ಲುತ್ತದೆ. ಅನಂತರದ ವರ್ಷಗಳಲ್ಲಿ ಅದರಲ್ಲಿ ಸ್ವಲ್ಪ ಮರಳಿ ಬರುವುದು ಸಹಜ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ದೀರ್ಘಕಾಲ ಅನುಸರಿಸಿದ ಅಧ್ಯಯನವೊಂದಿದೆ. ಅದರಲ್ಲಿ ಬೈಪಾಸ್ ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು, ಹತ್ತು ವರ್ಷಗಳ ಬಳಿಕ ಆ ಇಳಿಕೆ ಶೇ. 25ರಲ್ಲಿತ್ತು. ಹೀಗೆ ಸ್ವಲ್ಪ ತೂಕ ಮರಳಿದರೂ, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಒಟ್ಟಾರೆ ಸಾವಿನ ಪ್ರಮಾಣ ಉಳಿದವರಿಗಿಂತ ಕಡಿಮೆಯಿತ್ತೆಂಬುದು ಮರೆಯಬಾರದ ಸಂಗತಿ.

ಆದುದರಿಂದ ಫಲವನ್ನು ತೂಕದ ಯಂತ್ರವೊಂದರಿಂದಲೇ ಅಳೆಯುವುದು ಸರಿಯಲ್ಲವೆಂಬುದು ನನ್ನ ಅಭಿಮತ. ಮಧುಮೇಹದ ಔಷಧ ಕಡಿಮೆಯಾಯಿತೇ? ರಕ್ತದೊತ್ತಡ ಹತೋಟಿಗೆ ಬಂದಿತೇ? ರಾತ್ರಿ ಉಸಿರು ಕಟ್ಟದೆ ನಿದ್ರೆ ಬರುತ್ತಿದೆಯೇ? ಪೂಜೆಗೆ ನೆಲದ ಮೇಲೆ ಕುಳಿತು ಮತ್ತೆ ತಾನಾಗಿ ಏಳಲು ಸಾಧ್ಯವಾಯಿತೇ? ಇವೇ ಕೇಳಬೇಕಾದ ಪ್ರಶ್ನೆಗಳು. ಚರ್ಮ ಜೋತುಬೀಳಬಹುದು, ಕೂದಲು ಕೆಲವು ತಿಂಗಳು ಉದುರಬಹುದು, ಕನ್ನಡಿಯಲ್ಲಿ ಕಾಣುವ ರೂಪ ಬಯಸಿದಂತೆ ಇರದಿರಬಹುದು. ಇದನ್ನೂ ಮೊದಲೇ ಅರಿತಿರಬೇಕು.

ಹುಸಿ ನಿರೀಕ್ಷೆಯಿಂದ ಆಗುವ ಹಾನಿ ಕೇವಲ ನಿರಾಶೆಯಲ್ಲ. ತಾನು ಸೋತೆನೆಂದು ನಾಚಿದವರು ವೈದ್ಯರ ಬಳಿಗೆ ಹೋಗುವುದನ್ನೇ ಬಿಡುತ್ತಾರೆ. ಅದರೊಂದಿಗೆ ಮಾತ್ರೆಗಳೂ ನಿಲ್ಲುತ್ತವೆ. ಈ ಶಸ್ತ್ರಚಿಕಿತ್ಸೆಯ ಬಳಿಕ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಪೂರೈಕೆ ಜೀವನಪರ್ಯಂತ ಬೇಕು. ಸಸ್ಯಾಹಾರಿಗಳಾದ ನಮಗಂತೂ ಬಿ12 ಹೈನು ಪದಾರ್ಥಗಳ ಹೊರತು ಬೇರೆಡೆ ದೊರೆಯುವುದು ದುರ್ಲಭ. ಅದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು ಹಿಡಿಯುವುದು ಮೊದಲಾದವು ಕಾಣಿಸಿಕೊಂಡು, ನಿರ್ಲಕ್ಷಿಸಿದರೆ ನರಗಳಿಗೆ ಶಾಶ್ವತ ಹಾನಿಯೂ ಆಗಬಹುದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆನ್ನುತ್ತಾರೆ. ಕೆಲವೇ ತುತ್ತು ಹಿಡಿಸುವ ಜಠರಕ್ಕೆ ಮೊದಲು ಬೇಳೆ, ಮೊಳಕೆಕಾಳು, ಮೊಸರು, ಪನೀರು ಹೋಗಬೇಕು. ರೊಟ್ಟಿ ಅನ್ನಗಳ ಸರದಿ ಅನಂತರದ್ದು.

ಇಲ್ಲಿ ನಮ್ಮೆಲ್ಲರ ಹೊಣೆಯೂ ಇದೆ. ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತ ಇಂಥವರಿಗೆ ಇಕ್ಕಟ್ಟು ಒದಗುತ್ತದೆ. ತಟ್ಟೆಯಲ್ಲಿ ಪ್ರಸಾದ ಬಿಡಬಾರದೆಂಬುದು ನಮ್ಮ ಒಳ್ಳೆಯ ಸಂಪ್ರದಾಯ. ಬಡಿಸುವವರ ಪ್ರೀತಿಯೋ, ಬೇಡವೆಂದರೂ ಮತ್ತೊಂದು ಸೌಟು ಹುಗ್ಗಿ ಹಾಕುವಂಥದು. ಬೈಪಾಸ್ ಆದವರು ಸಿಹಿಯನ್ನು ಹೆಚ್ಚಾಗಿ ಉಂಡರೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಉಂಟಾಗಬಹುದು. ಒಂದು ತುತ್ತು ಸ್ವೀಕರಿಸಿದರೂ ಅದು ಪ್ರಸಾದವೇ. ಕೇಳಿದಷ್ಟನ್ನೇ ಬಡಿಸುವುದೂ ದಾಸೋಹವೇ ಎಂದು ಸೇವೆಯಲ್ಲಿ ತೊಡಗಿದವರು ತಿಳಿದರೆ, ಪ್ರಸಾದವೂ ವ್ಯರ್ಥವಾಗದು, ಉಣ್ಣುವವರಿಗೆ ಸಂಕೋಚವೂ ಆಗದು. "ಇಷ್ಟು ಖರ್ಚು ಮಾಡಿ ಇಳಿದದ್ದು ಇಷ್ಟೇನಾ?" ಎಂಬ ಮಾತನ್ನೂ ಬಂಧುಗಳು ಬಿಡಬೇಕು. ಬೊಜ್ಜು ಹೊಟ್ಟೆಬಾಕತನದ ಫಲವಷ್ಟೇ ಅಲ್ಲ. ಅನುವಂಶೀಯತೆಗೂ ಹಾರ್ಮೋನುಗಳಿಗೂ ಅದರಲ್ಲಿ ಪಾಲಿದೆ.

ಶಸ್ತ್ರಚಿಕಿತ್ಸೆಯ ಯೋಚನೆಯಲ್ಲಿರುವ ಸದ್ಭಕ್ತರು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆಗಳನ್ನು ಕೇಳಲಿ: ನನ್ನ ಒಟ್ಟು ತೂಕದಲ್ಲಿ ಎಷ್ಟು ಕೆ.ಜಿ. ಇಳಿಯಬಹುದು? ಐದು ವರ್ಷಗಳ ಬಳಿಕ ಎಷ್ಟು ಉಳಿಯಬಹುದು? ತಪಾಸಣೆಗೆ ಎಷ್ಟು ದಿನಕ್ಕೊಮ್ಮೆ ಬರಬೇಕು? ಉತ್ತರವನ್ನು ಮನೆಯವರೂ ಕುಳಿತು ಕೇಳಲಿ. ಈಗಾಗಲೇ ಚಿಕಿತ್ಸೆ ಪಡೆದು, ತೂಕ ಮರಳಿತೆಂದು ಮನನೊಂದು ಆಸ್ಪತ್ರೆಯ ದಾರಿ ಬಿಟ್ಟವರು ಮತ್ತೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳದ್ದು. ಅನಂತರ ಕಾಯವನ್ನು ಕಾಪಾಡಿಕೊಳ್ಳುವುದು ನಿತ್ಯದ ಕಾಯಕ.