ನಮ್ಮ ಕಡೆ ನಡೀಲಿಕ್ಕೆ ಏನದ ಅಂತೀರಾ?

ಮತ್ತೆ ಚಾರಣದ ಫೋಟೋಗಳು! ಸಾವನದುರ್ಗ, ಸ್ಕಂದಗಿರಿ, ಕುಮಾರಪರ್ವತ... ಬೆಂಗಳೂರಿನ ಬ್ಲಾಗಿಗರು ಬರೆಯಲಿ ಬಿಡಿ. ನನ್ನ ಜಗಳ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮಲೆನಾಡಿಗೆ ಓಡೋ ಕಲಬುರಗಿ ಗೆಳೆಯರ ಜೊತೆ. "ನಮ್ಮ ಕಡೆ ಏನದರೀ, ಬರೀ ಬಿಸಿಲು, ಜಾಲಿ" ಅಂತಾರೆ.

ಆಳಂದದ ಕಡೆಯಿಂದ ಬರೋ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಕೂಡ್ತದೆ. ಭೀಮೆ ಮುಂದೆ ಜೇವರ್ಗಿ ಕಡೆ ಹೋಗ್ತಾಳೆ. ದತ್ತನ ಗುಡಿಯಿಂದ ಸಂಗಮಕ್ಕೆ ಸುಮಾರು 3 ಕಿ.ಮೀ. ಅಷ್ಟಕ್ಕೂ ಆಟೋ! ನಾನು ಡಿಸೆಂಬರಿನ ಒಂದು ಬೆಳಿಗ್ಗೆ ರಸ್ತೆ ಬಿಟ್ಟು ಹೊಲದ ಬದು ಹಿಡಿದು ಹೋದೆ. ತೊಗರಿ, ಬೇವು, ಜಾಲಿ ಪೊದೆ, ಅದರೊಳಗಿಂದ ಪುರ್ರೆಂದು ಎದ್ದ ಗೌಜಲಹಕ್ಕಿಗಳು. (ಮಳೆಗಾಲದಲ್ಲಿ ಮಾತ್ರ ಬೇಡ, ಎರೆಮಣ್ಣು ಚಪ್ಪಲಿ ಕಿತ್ತುಕೊಳ್ತದೆ.)

ದಟ್ಟ ಮರ ಇಲ್ಲದ ನೆಲಕ್ಕೆಲ್ಲ "ಬೀಳು" ಅಂದುಬಿಡ್ತೀವಿ. ಹಾಗಂದ ಮೇಲೆ ಕಸ ಸುರೀಲಿಕ್ಕೆ, ಮುರುಮು ಅಗೀಲಿಕ್ಕೆ ಯಾರ ಅಡ್ಡಿ? ಎರೆಭೂತ ಹಕ್ಕಿ ಇಂಥ ಬಯಲಿನದ್ದೇ. ಈಗ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಾವೆ. ಕುರಿ ಕಾಯೋರ ಕಾಲುದಾರಿ ಅಳಿಸಿಹೋದರೆ ನಮಗೆ ಗೊತ್ತೂ ಆಗಲ್ಲ, ನಡೆದಿದ್ದರೆ ತಾನೇ?

ಬರೋ ಭಾನುವಾರ ಬೆಳಿಗ್ಗೆ ಏಳಕ್ಕೆ ಗುಡಿ ಮುಂದೆ ಇರ್ತೀನಿ. ಬರ್ರಿ. ಆಟೋದವರಿಗೆ ಕೈ ಮಾಡಬ್ಯಾಡ್ರಿ.