ಮೊಡವೆಗೆ ಲೇಸರ್: ಮೊದಲ ಹೆಜ್ಜೆ ಯಾವುದು?

ಮದುವೆಯ ವಯಸ್ಸಿಗೆ ಬಂದ ಮಗಳ ಮುಖದಲ್ಲಿ ಮೊಡವೆ ಕಾಣಿಸಿಕೊಂಡರೆ ಇಡೀ ಮನೆಯನ್ನು ಚಿಂತೆ ಆವರಿಸುತ್ತದೆ. ಹೆಣ್ಣು ನೋಡಲು ಬರುವವರು ಏನೆಂದುಕೊಂಡಾರು ಎಂಬ ಭಯ ತಾಯಂದಿರನ್ನು ಕಾಡುತ್ತದೆ. ಈ ಭಯವನ್ನೇ ಬಂಡವಾಳ ಮಾಡಿಕೊಂಡ ಜಾಹೀರಾತುಗಳು ಇಂದು ಮೊಬೈಲ್ ಮೂಲಕ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆಗಳನ್ನೂ ತಲುಪುತ್ತಿವೆ. ಕೆಲವೇ ಬಾರಿಯ ಲೇಸರ್ ಚಿಕಿತ್ಸೆಯಿಂದ ಮೊಡವೆ ಶಾಶ್ವತವಾಗಿ ಮಾಯವಾಗುತ್ತದೆ ಎಂಬುದು ಅವುಗಳ ಭರವಸೆ. ಈ ಭರವಸೆಯನ್ನು ನಂಬಿ ಹಣ ಹೊಂದಿಸಲು ಹೊರಡುವ ಮುನ್ನ ನಾವು ಸ್ವಲ್ಪ ಯೋಚಿಸಬೇಕಾಗಿದೆ.

ಮೊಡವೆ ಕೊಳಕಿನಿಂದ ಬರುವಂಥದ್ದಲ್ಲ, ಅದು ಯಾರ ತಪ್ಪೂ ಅಲ್ಲ. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸ್ರವಿಸುತ್ತವೆ. ರೋಮರಂಧ್ರಗಳು ಮುಚ್ಚಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾಗುತ್ತದೆ. 12ರಿಂದ 24 ವರ್ಷದೊಳಗಿನವರಲ್ಲಿ ಶೇಕಡಾ 85ರಷ್ಟು ಮಂದಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆಂಬುದು ವೈದ್ಯರ ಅಂದಾಜು. ಜೊತೆಗೆ ಮುಟ್ಟಿನ ಏರುಪೇರಿದ್ದರೆ ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಒಎಸ್ ಸಮಸ್ಯೆ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಆ ಮೂಲ ಕಾರಣವನ್ನು ಲೇಸರ್ ಸರಿಪಡಿಸುವುದಿಲ್ಲ.

ಹಾಗಾದರೆ ಲೇಸರ್ ಬರೀ ಮೋಸವೇ? ಹಾಗೆ ಹೇಳುವುದು ಸರಿಯಲ್ಲ. ಜಿಡ್ಡಿನ ಗ್ರಂಥಿಗಳ ಮೇಲೆ ಕೆಲಸ ಮಾಡುವ 1726 ನ್ಯಾನೋಮೀಟರ್ ತರಂಗಾಂತರದ ಲೇಸರ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಒಪ್ಪಿಗೆ ನೀಡಿದೆ. ಆದರೆ ಅದೇ ದೇಶದ ಚರ್ಮರೋಗ ತಜ್ಞರ ಅಕಾಡೆಮಿ 2024ರ ತನ್ನ ಮಾರ್ಗಸೂಚಿಯಲ್ಲಿ, ಮೊಡವೆಗೆ ಲೇಸರನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆಂದಿದೆ. ಅದು ಬಲವಾಗಿ ಶಿಫಾರಸು ಮಾಡಿರುವುದು ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್‌ನಂತಹ ಮುಲಾಮುಗಳನ್ನು ಮತ್ತು ಅಗತ್ಯವಿದ್ದರೆ ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳನ್ನು. ಇವು ಲೇಸರ್‌ಗೆ ಹೋಲಿಸಿದರೆ ಅಗ್ಗ. ಆದರೆ ಫಲ ಕಾಣಲು ಎರಡು ಮೂರು ತಿಂಗಳ ತಾಳ್ಮೆ ಬೇಕು. ತೀವ್ರ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ಇದೆ. ಗರ್ಭಿಣಿಯರು ಸೇವಿಸಿದರೆ ಅದು ಭ್ರೂಣಕ್ಕೆ ಗಂಭೀರ ಹಾನಿ ಮಾಡುವುದರಿಂದ ವೈದ್ಯರ ನಿಗಾ ಇಲ್ಲದೆ ಅದನ್ನು ಮುಟ್ಟಲೇಬಾರದು.

ಮೊಡವೆ ಶಮನವಾದ ಮೇಲೆ ಉಳಿಯುವ ಕುಳಿಗಳಿಗೆ ಲೇಸರ್ ನೆರವಾಗುತ್ತದೆ. ಆದರೆ ನಮ್ಮಂತಹ ಕಂದು ಬಣ್ಣದ ಚರ್ಮದಲ್ಲಿ ಲೇಸರ್ ಶಾಖದಿಂದ ಹೊಸ ಕಪ್ಪು ಕಲೆಗಳು ಮೂಡುವ ಅಪಾಯ ಹೆಚ್ಚು. ಆದ್ದರಿಂದ ಯಂತ್ರ ಹಿಡಿದವರು ತರಬೇತಿ ಪಡೆದ ಚರ್ಮರೋಗ ತಜ್ಞರೇ ಎಂದು ವಿಚಾರಿಸುವುದು ಅನಿವಾರ್ಯ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್‌ಗಳು ನೋಂದಣಿ ಮಾಡಿಸಿಕೊಳ್ಳಬೇಕು. ಆ ನೋಂದಣಿ ಪತ್ರವನ್ನು ಕೇಳಲು ಸಂಕೋಚವೇಕೆ?

ಲೇಸರ್‌ಗಿಂತಲೂ ನಮ್ಮ ಪಟ್ಟಣಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಔಷಧ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮುಗಳು. ಹಚ್ಚಿದ ವಾರದಲ್ಲೇ ಮುಖ ಹೊಳೆಯುತ್ತದೆ. ಬಿಟ್ಟೊಡನೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲನ್ನೂ ತಾಳದಂತಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂತಹ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿಯಮ ಬಿಗಿಗೊಳಿಸಿತು. ಆದರೂ ಕೊಳ್ಳುವವರು ಎಚ್ಚರಗೊಳ್ಳದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ತಜ್ಞರು ದೂರವೆಂಬ ಅಳಲು ನಿಜವೇ. ಆದರೆ ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜುಗಳೂ ಇವೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ ಇದೆ. ಲೇಸರ್‌ಗೆ ಸಾಲ ಮಾಡುವ ಮೊದಲು ಒಮ್ಮೆ ಬಸ್ ಹತ್ತಿ ಹೊರರೋಗಿ ವಿಭಾಗಕ್ಕೆ ಹೋಗಿ ಬರುವುದು ಅಷ್ಟು ಕಷ್ಟವೇ? ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ಮನಸ್ಸು ಮಾಡಿದರೆ ರಕ್ತದಾನ ಶಿಬಿರದಂತೆಯೇ ಚರ್ಮರೋಗ ತಪಾಸಣಾ ಶಿಬಿರಗಳನ್ನೂ ತಾಲೂಕು ಕೇಂದ್ರಗಳಲ್ಲಿ ನಡೆಸಬಹುದು.

ಕೊನೆಯದಾಗಿ ಗಂಡಿನ ಕಡೆಯವರಿಗೆ ಒಂದು ಮಾತು. ಹರೆಯದ ಸಹಜ ಕಾಯಿಲೆಯೊಂದನ್ನು ಕುಂದೆಂದು ಎಣಿಸಿ ಸಂಬಂಧ ನಿರಾಕರಿಸುವುದು ಅನ್ಯಾಯ. ಈ ಒತ್ತಡ ಇಲ್ಲವಾದರೆ ಹೆತ್ತವರು ಚಿಕಿತ್ಸೆಗೆ ಬೇಕಾದ ಕಾಲಾವಕಾಶವನ್ನು ನೆಮ್ಮದಿಯಿಂದ ಕೊಟ್ಟಾರು.