ಕೊಳೆತ ಕಾಯಿ ಹುಡುಕಿ, ಅಟ್ಟ ತೊಳೀಬೇಡಿ

ಬೆಳಿಗ್ಗೆ ಎದ್ದು ದನದ ಕೊಟ್ಟಿಗೆಗೆ ಕಾಲಿಟ್ಟರೆ ಕಣ್ಣಲ್ಲಿ ನೀರು ತರಿಸೋ ಒಂದು ಘಾಟು ಬಡಿಯುತ್ತಲ್ಲ, ಅದೇ ಅಮೋನಿಯಾ. ಕೊಟ್ಟಿಗೆಯಲ್ಲಾದರೆ ಬಾಗಿಲು ತೆಗೆದಿಟ್ಟು, ಗಂಜಲ ಹರಿದುಹೋಗೋಕೆ ದಾರಿ ಮಾಡಿದರೆ ಘಾಟು ಇಳಿಯುತ್ತೆ. ಗಾಜಿನ ಟ್ಯಾಂಕಿನೊಳಗಿನ ಮೀನಿಗೆ ಆ ಅನುಕೂಲ ಇಲ್ಲ. ಅದು ಉಚ್ಚೆ ಹೊಯ್ಯೋದೂ ಉಸಿರಾಡೋದೂ ಒಂದೇ ನೀರಲ್ಲಿ.

ತಿಪಟೂರಿನ ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೀನಿ ಅಂದ್ರೆ ಈಗಲೂ ಜನ ನಗ್ತಾರೆ. ಸಮುದ್ರ ನೋಡಬೇಕು ಅಂದ್ರೆ ಹಾಸನ ದಾಟಿ, ಘಟ್ಟ ಇಳಿದು, ಇನ್ನೂರು ಕಿಲೋಮೀಟರಿಗೂ ಹೆಚ್ಚು ಹೋಗಬೇಕು. ನನ್ನದು ಸಣ್ಣದು, 60 ಲೀಟರ್ ನೀರು. ಎರಡು ಕ್ಲೌನ್ ಮೀನು, ಐದು ಬಸವನಹುಳು, ಟ್ಯಾಂಕಲ್ಲೇ ಬೆಳೆಸಿದ ಮೆತ್ತನೆ ಹವಳದ ಎರಡು ಗೊಂಚಲು. ಗಟ್ಟಿ ಹವಳ ಇಟ್ಟಿಲ್ಲ. 2001ರಿಂದ ಅದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಜೊತೆಗೆ. ಸಮುದ್ರದಿಂದ ಕಿತ್ತು ತಂದದ್ದನ್ನು ಯಾರೇ ಕೊಡ್ತೀನಿ ಅಂದ್ರೂ ತಗೋಬೇಡಿ.

ಹೋದ ಮಳೆಗಾಲ ಒಂದು ರಾತ್ರಿ ಗಾಳಿಗೆ ತೆಂಗಿನ ಗರಿ ಬಿದ್ದು ತಂತಿ ಹರಿಯಿತು. ಬ್ಯಾಟರಿ ಏರ್ ಪಂಪ್ ನಡುರಾತ್ರಿವರೆಗೆ ಓಡಿತು. ಕರೆಂಟ್ ಬಂದಿದ್ದು ಬೆಳಗಾದ ಮೇಲೆ. ಮಾರನೇ ದಿನ ಸಂಜೆ ನೋಡಿದರೆ ಮೀನುಗಳೆರಡೂ ಮೇಲಕ್ಕೆ ಬಂದು ಕಿವಿರು ಬಡೀತಿದ್ದವು. ಹವಳ ಮುಚ್ಚಿಕೊಂಡಿತ್ತು. ಟೆಸ್ಟ್ ಕಿಟ್‌ನಲ್ಲಿ ಹಳದಿ ಇರಬೇಕಾದ ನೀರು ಹಸಿರಾಗಿತ್ತು. 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ.

ಒಂದು ಮಿಲಿಗ್ರಾಂ ತಾನೇ ಅನ್ನಿಸಬಹುದು. ನೀರಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತೆ. ಅಮೋನಿಯಂ ಅನ್ನೋ ರೂಪ ಅಷ್ಟೇನೂ ಕೆಡುಕು ಮಾಡಲ್ಲ. ಇನ್ನೊಂದು ಬಿಡಿ ಅಮೋನಿಯಾ, ಅದು ನೇರವಾಗಿ ಕಿವಿರಿನ ಮೂಲಕ ಮೈಯೊಳಗೆ ಹೋಗುತ್ತೆ. ಪಿಎಚ್ 7 ಇರುವ ಸಿಹಿನೀರಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಬಿಡಿ ಅಮೋನಿಯಾ ನೂರಕ್ಕೆ ಒಂದು ಭಾಗವೂ ಇರಲ್ಲ. ಸಮುದ್ರದ ನೀರಿನ ಪಿಎಚ್ 8.2ರ ಹತ್ತಿರ. ಅಲ್ಲಿ ಅದು ನೂರಕ್ಕೆ ಏಳೆಂಟು ಭಾಗ. ಅದಕ್ಕೇ ಗೋಲ್ಡ್ ಫಿಶ್ ತಡೆದುಕೊಳ್ಳೋ ಅಳತೆ ಉಪ್ಪುನೀರಿನ ಮೀನನ್ನು ಕೊಲ್ಲಬಹುದು.

ಅಮ್ಮ ನೋಡಿದವರೇ, "ಎಲ್ಲಾ ಖಾಲಿ ಮಾಡಿ ಕಲ್ಲು, ಮರಳು ತಿಕ್ಕಿ ತೊಳೆದ್ಬಿಡು ಕಣೋ" ಅಂದರು. ನಾತ ಬಂದರೆ ತೊಳೆಯೋದು ನಮ್ಮ ಮನೆಗಳ ಪದ್ಧತಿ. ಅಪ್ಪ ಜಗಲಿ ಮೇಲಿಂದಲೇ ಕೂಗಿದರು: "ಅಟ್ಟದಲ್ಲಿ ಒಂದು ಕಾಯಿ ಕೊಳೆತ್ರೆ ಅಟ್ಟನೇ ತೊಳೀತಾರೇನ್ಲಾ? ಆ ಕಾಯಿ ಯಾವ್ದು ಅಂತ ಹುಡುಕು."

ಅಪ್ಪನಿಗೆ ಟ್ಯಾಂಕ್ ವಿಷಯ ಏನೂ ಗೊತ್ತಿಲ್ಲ, ಆದರೆ ಅವರು ಹೇಳಿದ್ದೇ ಸರಿ. ಉಂಡೆ ಕೊಬ್ಬರಿಗೆ ಅಂತ ಎಂಟು-ಹತ್ತು ತಿಂಗಳು ಅಟ್ಟದಲ್ಲಿಟ್ಟ ರಾಶಿಯಲ್ಲಿ ನಾತ ಬಂದರೆ ನಾವು ಮೂಗು ಹಿಡಿದು ಹುಡುಕಿ ಆ ಒಂದು ಕಾಯಿ ತೆಗೀತೀವಿ. ಮಿಕ್ಕ ಕಾಯಿಗಳ ತಂಟೆಗೆ ಹೋಗಲ್ಲ.

ಕಲ್ಲನ್ನು ಯಾಕೆ ತೊಳೀಬಾರದು ಅಂತೀರಾ? ಅಮೋನಿಯಾ ತಿಂದು ಬದುಕೋ ಸೂಕ್ಷ್ಮಜೀವಿಗಳು ಇರೋದು ಅಲ್ಲೇ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತೆ. ತೆಂಗಿನ ಬುಡಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಬೇರಿಗೆ ಹಿಡಿಸೋ ಹಾಗಾಗೋದೂ ಇದೇ ಕೆಲಸದಿಂದ. ಮಣ್ಣಿನ ಈ ಜೀವಿಗಳನ್ನು ರಷ್ಯಾದ ವಿನೊಗ್ರಾಡ್‌ಸ್ಕಿ 1890ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಸಮುದ್ರದ ಕಡೆಯ ಒಂದು ಜೀವಿ ಗೊತ್ತಾಗಿದ್ದು 2005ರಲ್ಲಿ. ಅದು ಸಿಕ್ಕಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಒಂದು ಟ್ಯಾಂಕಿನ ಜಲ್ಲಿಯಲ್ಲಿ! ಇವು ಕಲ್ಲು, ಮರಳು, ಫಿಲ್ಟರ್ ಸ್ಪಂಜಿಗೆ ಅಂಟಿಕೊಂಡು ಬದುಕುತ್ತವೆ. ನೀರಲ್ಲಿ ಇರೋದು ಕಡಿಮೆ. ಹಾಗಾಗಿ ನೀರು ಬದಲಿಸಿದರೆ ಇವಕ್ಕೆ ಏನೂ ಆಗಲ್ಲ. ಕಲ್ಲನ್ನು ನಲ್ಲಿ ನೀರಲ್ಲಿ ತಿಕ್ಕಿದರೆ ಇವೇ ಹೋಗ್ತವೆ. ಆಮೇಲೆ ಮತ್ತೆ ಕಟ್ಟಿಕೊಳ್ಳೋಕೆ ನಾಲ್ಕಾರು ವಾರ ಬೇಕು, ಅಷ್ಟು ದಿನ ಮೀನು ಕಾಯಲ್ಲ.

ನಮ್ಮೂರ ಹೆಮ್ಮೆಗೆ ಸ್ವಲ್ಪ ಪೆಟ್ಟು ಬೀಳೋ ಮಾತೊಂದು. ತೆಂಗಿನ ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್ ಒಳ್ಳೆಯ ಫಿಲ್ಟರ್ ಇದ್ದಿಲು ನಿಜ. ಬಣ್ಣ, ವಾಸನೆ, ಕ್ಲೋರಿನ್ ಎಲ್ಲಾ ಹಿಡಿಯುತ್ತೆ. ಅಮೋನಿಯಾ ಮಾತ್ರ ಹಿಡಿಯಲ್ಲ. ಸಿಹಿನೀರಿನ ಟ್ಯಾಂಕಿಗೆ ಹಾಕೋ ಜಿಯೋಲೈಟ್ ಕಲ್ಲೂ ಇಲ್ಲಿ ಉಪಯೋಗಕ್ಕಿಲ್ಲ. ಅಮೋನಿಯಂ ಕೂರಬೇಕಾದ ಜಾಗದಲ್ಲಿ ಉಪ್ಪಿನ ಸೋಡಿಯಂ ಬಂದು ಕೂತುಬಿಡುತ್ತೆ. ಪಿಎಚ್ ಸರಿ ಮಾಡ್ತೀನಿ ಅಂತ ಅಡುಗೆ ಸೋಡಾ ಹಾಕೋರಿದ್ದಾರೆ. ಪಿಎಚ್ ಏರಿದರೆ ಬಿಡಿ ಅಮೋನಿಯಾ ಇನ್ನೂ ಹೆಚ್ಚಾಗುತ್ತೆ, ಆ ಕೆಲಸ ಬೇಡವೇ ಬೇಡ.

ಆವತ್ತು ಸಂಜೆ ಮಾಡಿದ್ದು ಇಷ್ಟು. ಮೊದಲು ಏರ್ ಪಂಪ್ ಜೋರು ಮಾಡಿದೆ, ಮೀನಿಗೂ ಸೂಕ್ಷ್ಮಜೀವಿಗಳಿಗೂ ಆಮ್ಲಜನಕ ಬೇಕು. ಆಹಾರ ನಿಲ್ಲಿಸಿದೆ. ಗಟ್ಟಿಮುಟ್ಟಾದ ಮೀನು ಎರಡು ದಿನ ಉಪವಾಸ ಇದ್ದರೆ ಏನೂ ಆಗಲ್ಲ. ಆಮೇಲೆ ಬಸವನಹುಳು ಎಣಿಸಿದೆ. ನಾಲ್ಕೇ ಇದ್ದವು. ಟಾರ್ಚ್ ಹಿಡಿದು ನೋಡಿದರೆ ಐದನೆಯದು ಹಿಂದಿನ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಹೊರಗೆ ತೆಗೆದಾಗ ಬಂದ ನಾತಕ್ಕೆ ಅಮ್ಮ ಅಡುಗೆಮನೆ ಬಾಗಿಲು ಹಾಕಿಕೊಂಡರು. ಸಣ್ಣ ಟ್ಯಾಂಕಿಗೆ ಅಷ್ಟು ಸಾಕು, ಒಂದು ಹುಳು ಕೊಳೆತರೆ 60 ಲೀಟರ್ ನೀರೂ ಕೆಡುತ್ತೆ.

ಕಾರಣ ಸಿಕ್ಕ ಮೇಲೆ ನೀರು. ಅರ್ಧ ನೀರು ಬದಲಿಸಿದರೆ ಅಮೋನಿಯಾ ಅರ್ಧ ಇಳಿಯುತ್ತೆ, ಇದಕ್ಕಿಂತ ನಂಬಿಕಸ್ತ ಔಷಧಿ ಇಲ್ಲ. 30 ಲೀಟರ್ ತೆಗೆದು 30 ಹಾಕಿದೆ, ಮಾರನೇ ಬೆಳಿಗ್ಗೆ ಇನ್ನೊಂದು ಸಲ. 1 ಇದ್ದದ್ದು 0.5ಕ್ಕೆ, ಆಮೇಲೆ 0.25ಕ್ಕೆ ಬಂತು. ಫಿಲ್ಟರ್ ಸ್ಪಂಜನ್ನು ಟ್ಯಾಂಕಿಂದ ತೆಗೆದ ನೀರಲ್ಲೇ ಅದ್ದಿ ಹಿಂಡಿದೆ, ನಲ್ಲಿಗೆ ಹಿಡಿಯಲಿಲ್ಲ. ರಾತ್ರಿ ಕಳೀಲಿ ಅಂತ ಅಮೋನಿಯಾ ಕಟ್ಟಿಹಾಕೋ ವಾಟರ್ ಕಂಡೀಷನರ್ ಅಳತೆ ಪ್ರಕಾರ ಹಾಕಿದ್ದೆ. ಒಂದು ನೆನಪಿರಲಿ, ಅದನ್ನು ಹಾಕಿದ ಮೇಲೂ ಟೆಸ್ಟ್ ಕಿಟ್ ಅಮೋನಿಯಾ ತೋರಿಸ್ತಾನೇ ಇರುತ್ತೆ. ಕಟ್ಟಿಹಾಕಿದ್ದನ್ನೂ ಕಿಟ್ ಎಣಿಸುತ್ತೆ. ಗಾಬರಿಯಾಗಿ ಮತ್ತೆ ಮತ್ತೆ ಸುರೀಬೇಡಿ.

ಹೊಸ ನೀರು ಮಾತ್ರ ಆ ಗಳಿಗೆಯಲ್ಲಿ ಹುಟ್ಟಲ್ಲ. ನಮ್ಮ ಬೋರ್‌ವೆಲ್ ನೀರು ಗಡುಸು, ಆರ್‌ಒ ನೀರೇ ಬೇಕು. ಮನೆಯ ಆರ್‌ಒ ಯಂತ್ರ 30 ಲೀಟರ್ ತುಂಬಿಸೋಕೆ ಗಂಟೆಗಟ್ಟಲೆ ತಗೊಳ್ಳುತ್ತೆ. ನಾನು ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರ್ತೀನಿ. ಲೀಟರಿಗೆ ಸುಮಾರು 35 ಗ್ರಾಂ ಅಕ್ವೇರಿಯಂ ಉಪ್ಪು, ಅಂದರೆ 30 ಲೀಟರಿಗೆ ಒಂದು ಕೆಜಿ ಚಿಲ್ಲರೆ. ಅಡುಗೆ ಉಪ್ಪು ಆಗಲ್ಲ, ಅದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಲ್ಲ. ಹಿಂದಿನ ದಿನವೇ ಕದಡಿ, ಪಂಪ್ ಓಡಿಸಿ, ಸಾಂದ್ರತೆ 1.025 ಇದೆಯಾ, ಬಿಸಿ ಟ್ಯಾಂಕಿನಷ್ಟೇ ಇದೆಯಾ ನೋಡಿಕೊಳ್ಳಬೇಕು. ಹಾಗಾಗಿ ಮನೆಯಲ್ಲಿ ಯಾವಾಗಲೂ ಅರ್ಧ ಟ್ಯಾಂಕಿನಷ್ಟು ಉಪ್ಪುನೀರು ಮುಚ್ಚಿದ ಡ್ರಮ್ಮಿನಲ್ಲಿ ಸಿದ್ಧ ಇರುತ್ತೆ. ಆವತ್ತು ಮೀನು ಉಳಿದಿದ್ದು ಈ ಡ್ರಮ್ಮಿನಿಂದ.

ಚಿಕ್ಕ ಮೀನು ಎರಡು ದಿನ ಮೂಲೆ ಬಿಟ್ಟು ಬರಲಿಲ್ಲ, ಮೂರನೇ ದಿನ ಬಂದು ತಿಂತು. ಹವಳದ ಒಂದು ಗೊಂಚಲು ತೆರೆದುಕೊಂಡಿತು, ಇನ್ನೊಂದು ಕರಗಿಹೋಯಿತು. ಕರಗಿದ್ದನ್ನು ಅವತ್ತೇ ತೆಗೆದೆ, ಬಿಟ್ಟಿದ್ದರೆ ಅದೇ ಮುಂದಿನ ಕೊಳೆತ ಕಾಯಿ. ಐದನೇ ದಿನ ಟೆಸ್ಟ್ ಕಿಟ್ ಮತ್ತೆ ಹಳದಿ ತೋರಿಸಿತು.

ತುರುವೇಕೆರೆಯೋ ಚಿಕ್ಕನಾಯಕನಹಳ್ಳಿಯೋ, ನಮ್ಮ ಕಡೆ ಗಾಳಿ-ಮಳೆಗೆ ಗರಿ ಬೀಳೋದು, ಕರೆಂಟ್ ಹೋಗೋದು ಇದ್ದದ್ದೇ. ಟೆಸ್ಟ್ ಕಿಟ್, ಕಂಡೀಷನರ್, ಬ್ಯಾಟರಿ ಪಂಪಿಗೆ ಒಂದು ಜೊತೆ ಹೆಚ್ಚುವರಿ ಸೆಲ್, ಒಂದು ಡ್ರಮ್ ಉಪ್ಪುನೀರು ಮನೆಯಲ್ಲಿರಲಿ. ಕರೆಂಟ್ ಬಂದ ಮೇಲೆ ಮುಚ್ಚಿದ ಡಬ್ಬಿಯ ಫಿಲ್ಟರ್ ಇದ್ದರೆ, ಒಳಗೆ ನಿಂತ ಕೆಟ್ಟ ನೀರನ್ನು ಚೆಲ್ಲಿಯೇ ಓಡಿಸಿ. ರಾತ್ರಿ ಟ್ಯಾಂಕಿನ ದೀಪ ಆರಿಸೋ ಮುಂಚೆ ಫೋನ್ ಟಾರ್ಚ್ ಹಾಕಿ ಬಸವನಹುಳು ಎಣಿಸಿ. ಒಂದು ಕಮ್ಮಿ ಬಂದರೆ ಹುಡುಕಿಯೇ ಮಲಗಿ.